ತೋಪನ್ನೇ ಕೊಟ್ಟವರು

ದೊಡ್ಡಪ್ಪ ಮೂವತ್ತನಾಲ್ಕು ವರ್ಷ ಗಾಜು ಊದಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಂಶೋಧಕರು ಬರೆದು ತಂದ ಚಿತ್ರವನ್ನು ಮುಂದಿಟ್ಟುಕೊಂಡು, ಬರ್ನರಿನ ಉರಿಯಲ್ಲಿ ಗಾಜನ್ನು ಕಾಯಿಸಿ, ಬಾಗಿಸಿ, ಊದಿ, ಯಾವ ಅಂಗಡಿಯಲ್ಲೂ ಸಿಗದ ಉಪಕರಣಗಳನ್ನು ಮಾಡಿಕೊಡುತ್ತಿದ್ದರು. ನಾನು ಚಳ್ಳಕೆರೆ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಶಾಲೆಯಲ್ಲೇ ಓದಿ, ಈಗ ಬೆಂಗಳೂರಿನಲ್ಲಿ ಸ್ವಂತ ಉದ್ಯಮ ನಡೆಸುತ್ತಿರುವ ಒಬ್ಬರು, ಮಕ್ಕಳ ವಿಜ್ಞಾನ ಕಲಿಕೆಗೆಂದು ಹತ್ತು ಲಕ್ಷ ರೂಪಾಯಿ ಕೊಡುವುದಾಗಿ ಹೇಳಿ ಕಳುಹಿಸಿದ್ದರು. ಏನು ಬೇಕು ಎಂದು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ದಿನ ಕಾಗದದ ಮುಂದೆ ಕುಳಿತು, ಏನೂ ತೋಚದೆ, ಭಾನುವಾರ ಬೆಳಿಗ್ಗೆ ಮತ್ತಿಕೆರೆಯ ದೊಡ್ಡಪ್ಪನ ಮನೆಗೆ ಹೋದೆ. ಅಂದಿನ ಮಾತುಕತೆ ಇದು.

ನಾನು: ಹತ್ತು ಲಕ್ಷ, ದೊಡ್ಡಪ್ಪ. ನಮ್ಮ ಶಾಲೆಗೆ ಇಷ್ಟು ದುಡ್ಡು ಒಟ್ಟಿಗೆ ಬರುತ್ತಿರುವುದು ಇದೇ ಮೊದಲು. ಹೆಡ್‌ಮಾಸ್ಟರು ಒಂದು ಕೊಠಡಿ ಕಟ್ಟಿಸೋಣ ಅಂತಾರೆ. ಎಸ್‌ಡಿಎಂಸಿ ಅಧ್ಯಕ್ಷರು ಸ್ಮಾರ್ಟ್ ಕ್ಲಾಸೇ ಆಗಬೇಕು ಅಂತಾರೆ. ಕೊಡುವವರು ತಮ್ಮ ತಂದೆಯ ಹೆಸರಿನಲ್ಲಿ ಏನಾದರೂ ಉಳಿಯಲಿ ಅಂದಿದ್ದಾರಂತೆ.

ದೊಡ್ಡಪ್ಪ: ಪಾಠ ಮಾಡುವವಳು ನೀನು. ನೀನೇನು ಅಂತೀಯ?

ನಾನು: ಲ್ಯಾಬಿಗೆ ಹೋಗಲಿ ಅಂತೀನಿ. ಆದರೆ ಲ್ಯಾಬ್ ಇದ್ದೂ ಏನಾಗಿದೆ ಅಂತ ನನಗೇ ಗೊತ್ತು. ಒಂದು ಬೀರು ಇದೆ. ಅದರ ತುಂಬ ಬೀಕರು, ಟೆಸ್ಟ್ ಟ್ಯೂಬು, ಬ್ಯುರೆಟ್ಟು. ಎಲ್ಲದಕ್ಕೂ ಸ್ಟಾಕ್ ರಿಜಿಸ್ಟರಿನಲ್ಲಿ ನಂಬರು. ಒಡೆದರೆ ಇನ್‌ಚಾರ್ಜ್ ಆದವರು ಲೆಕ್ಕ ಕೊಡಬೇಕು. ನನಗಿಂತ ಮುಂಚೆ ಇದ್ದ ಮೇಷ್ಟ್ರು ನಿವೃತ್ತರಾಗುವಾಗ ಒಂದೊಂದಾಗಿ ಎಣಿಸಿ ಒಪ್ಪಿಸಿದರು. ಹನ್ನೆರಡು ಬೀಕರಿಗೆ ಹನ್ನೆರಡೂ ಸರಿಯಾಗಿದ್ದವು. ಅಷ್ಟು ವರ್ಷದಲ್ಲಿ ಒಂದೂ ಒಡೆದಿರಲಿಲ್ಲ.

ದೊಡ್ಡಪ್ಪ: ಒಂದೂ ಒಡೆದಿಲ್ಲ ಅಂದರೆ ಒಂದು ಮಗುವೂ ಮುಟ್ಟಿಲ್ಲ ಕಣಮ್ಮ.

ನಾನು: ಅವರದ್ದೂ ತಪ್ಪು ಅನ್ನಲಾರೆ. ಒಡೆದದ್ದಕ್ಕೆ ಕೈಯಿಂದ ಕಟ್ಟಿ ಅಂದರೆ ಯಾರು ಬೀಗ ತೆಗೀತಾರೆ? ನಾನೂ ಮೊದಲ ವರ್ಷ ತೆಗೆಯಲಿಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಅಂತ ಪಾಠ ಮುಗಿಸಿದೆ.

ದೊಡ್ಡಪ್ಪ: ನಾನು ಕೆಲಸ ಮಾಡಿದ ಜಾಗವೂ ಒಬ್ಬ ಉದ್ಯಮಿ ಕೊಟ್ಟಿದ್ದೇ. ಅವರು ಕೊಟ್ಟ ಬಗೆ ಹೇಗಿತ್ತು ಅಂತ ಕೇಳು. ಆಮೇಲೆ ನಿನ್ನ ಕಾಗದ ತಾನಾಗಿ ಬರೆಸಿಕೊಳ್ಳುತ್ತೆ.

ನಾನು: ಜಮ್‌ಶೆಟ್‌ಜಿ ಟಾಟಾ ಮೂವತ್ತು ಲಕ್ಷ ಕೊಟ್ಟರು, ಅದರಿಂದ ಸಂಸ್ಥೆ ಆಯಿತು. ಇಷ್ಟು ಎಲ್ಲರಿಗೂ ಗೊತ್ತು.

ದೊಡ್ಡಪ್ಪ: ಗೊತ್ತಿರುವುದು ಮೊತ್ತ ಮಾತ್ರ. ಮೂವತ್ತು ಲಕ್ಷವನ್ನು ಅವರು ಥೈಲಿಯಲ್ಲಿ ತುಂಬಿ ಕೊಡಲಿಲ್ಲ. ಮುಂಬಯಿಯಲ್ಲಿದ್ದ ತಮ್ಮ ಆಸ್ತಿ ಕೊಡುತ್ತೇನೆ ಅಂದರು. ಹದಿನಾಲ್ಕು ಕಟ್ಟಡ, ನಾಲ್ಕು ಜಮೀನು. ಅವುಗಳ ಬೆಲೆ ಮೂವತ್ತು ಲಕ್ಷ. ಅವುಗಳಿಂದ ವರ್ಷಕ್ಕೆ ಸುಮಾರು ಒಂದೂಕಾಲು ಲಕ್ಷ ಹುಟ್ಟುವಳಿ ಬರುತ್ತೆ ಅಂತ ಲೆಕ್ಕ. ಇದು 1898ರ ಮಾತು. ಈ ಹುಟ್ಟುವಳಿ ಅನ್ನೋ ಮಾತನ್ನು ಮನಸ್ಸಲ್ಲಿಟ್ಟುಕೋ. ಮಾವಿನಹಣ್ಣಿನ ಬುಟ್ಟಿ ಕೊಟ್ಟರೆ ಅದು ಆ ವಾರಕ್ಕೆ. ಅವರು ತೋಪನ್ನೇ ಕೊಟ್ಟರು.

ನಾನು: ಬಾಡಿಗೆ ಬರುವ ಆಸ್ತಿ ಅಂತ ನಾನು ಯೋಚಿಸಿಯೇ ಇರಲಿಲ್ಲ.

ದೊಡ್ಡಪ್ಪ: ವ್ಯಾಪಾರಸ್ಥರು ಅಲ್ಲವಾ, ನಾಳೆಯ ಖರ್ಚು ಅವರಿಗೆ ಗೊತ್ತು. 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಮಿಲ್ ಶುರು ಮಾಡಿದವರು. ಮಿಲ್ಲು ಕಟ್ಟಿದ ಮಾತ್ರಕ್ಕೆ ನಡೆಯೋದಿಲ್ಲ, ದಿನಾ ಹತ್ತಿ ಬರಬೇಕು, ಕಲ್ಲಿದ್ದಲು ಬರಬೇಕು, ಸಂಬಳ ಹೋಗಬೇಕು. ಪ್ರಯೋಗಾಲಯವೂ ಹಾಗೇ. ಗೋಡೆ ಕಟ್ಟೋದು ಸುಲಭ. ಗ್ಯಾಸು, ಆಸಿಡ್ಡು, ಗಾಜು ಇವಕ್ಕೆ ಪ್ರತಿವರ್ಷ ಯಾರು ಕೊಡ್ತಾರೆ ಅನ್ನೋದೇ ಪ್ರಶ್ನೆ.

ನಾನು: ಆದರೆ ಒಂದು ಸಂದೇಹ ದೊಡ್ಡಪ್ಪ. ಆಗ ದೇಶದಲ್ಲಿ ಓದು ಬರಹ ಬಲ್ಲವರೇ ಕಡಿಮೆ. ಪ್ಲೇಗು, ಬರ. ಅಂಥ ಹೊತ್ತಿನಲ್ಲಿ ಎಲ್ಲಕ್ಕಿಂತ ಮೇಲಿನ ಸಂಶೋಧನೆಗೆ ಅಷ್ಟು ಹಣ ಹಾಕಿದ್ದು ಸರಿಯಾ? ಬುಡಕ್ಕೆ ನೀರಿಲ್ಲದೆ ತುದಿಗೆ ಹೊಯ್ದ ಹಾಗೆ ಆಗಲಿಲ್ಲವಾ?

ದೊಡ್ಡಪ್ಪ: ಲಾರ್ಡ್ ಕರ್ಜನ್ ಕೂಡ ಸುಮಾರು ಹಾಗೇ ಕೇಳಿದರು. 1898ರ ಡಿಸೆಂಬರ್ ಕೊನೆಯಲ್ಲಿ ವೈಸರಾಯ್ ಆಗಿ ಮುಂಬಯಿಗೆ ಬಂದಿಳಿದ ಮಾರನೇ ದಿನವೇ ಟಾಟಾ ಕಡೆಯ ಸಮಿತಿ ಹೋಗಿ ಯೋಜನೆ ಒಪ್ಪಿಸಿತು. ಇಷ್ಟು ಮೇಲಿನ ಓದಿಗೆ ಹುಡುಗರು ಎಲ್ಲಿದ್ದಾರೆ, ಕಲಿತು ಹೊರಬಂದವರಿಗೆ ಕೆಲಸ ಎಲ್ಲಿದೆ ಅನ್ನೋದು ಅವರ ಅನುಮಾನ.

ನಾನು: ಹಳ್ಳಿ ಮಕ್ಕಳಿಗೆ ಬ್ಯುರೆಟ್ಟು ಯಾಕೆ, ಪಾಸಾದರೆ ಸಾಕಲ್ಲ ಅಂತ ನಮ್ಮ ಕಡೆಯೂ ಕೇಳ್ತಾರೆ.

ದೊಡ್ಡಪ್ಪ: ಅದೇ ಮಾತು, ಬಾಯಿ ಬೇರೆ. ಕಲಿಯುವವರು ಬಂದ ಮೇಲೆ ಶಾಲೆ ಕಟ್ಟುತ್ತೇನೆ ಅಂದರೆ ಕಲಿಯುವವರು ಬರೋದೇ ಇಲ್ಲ. ಟಾಟಾ ಅವರಿಗೆ ಅದು ತಿಳಿದಿತ್ತು. ಇನ್ನೊಂದು ಮರೀಬೇಡ, ಅವರು ಸಂಸ್ಥೆಯ ಮಾತು ಎತ್ತುವುದಕ್ಕೆ ಆರು ವರ್ಷ ಮುಂಚೆ, 1892ರಲ್ಲೇ, ವಿದ್ಯಾರ್ಥಿಗಳಿಗೆ ಒಂದು ನಿಧಿ ಮಾಡಿದ್ದರು. ವಿದೇಶದಲ್ಲಿ ಹೆಚ್ಚಿನ ಓದಿಗೆ ಹೋಗುವವರಿಗೆ ಸಾಲದ ರೂಪದ ವಿದ್ಯಾರ್ಥಿವೇತನ. ಮೊದಲು ಪಡೆದವರಲ್ಲಿ ಹೆಣ್ಣುಮಕ್ಕಳೂ ಇದ್ದರು, ವೈದ್ಯಕೀಯ ಓದಿಗೆ.

ನಾನು: ಅಷ್ಟು ಹಣವಂತರು ಸಾಲ ಅಂತ ಯಾಕೆ ಕೊಟ್ಟರು? ಉಚಿತವಾಗೇ ಕೊಡಬಹುದಿತ್ತಲ್ಲ.

ದೊಡ್ಡಪ್ಪ: ನಮ್ಮೂರಲ್ಲಿ ಬಿತ್ತನೆಗೆ ರಾಗಿ ಕಡ ಕೊಡುತ್ತಿದ್ದರಲ್ಲ, ಹಾಗೆ. ಸುಗ್ಗಿಯಾದ ಮೇಲೆ ನೀನು ಅಳೆದುಕೊಟ್ಟರೆ ಮುಂದಿನ ವರ್ಷ ಪಕ್ಕದ ಮನೆಯವನ ಹೊಲಕ್ಕೆ ಬಿತ್ತನೆ. ಓದಿ ಬಂದವರು ಮರಳಿಸಿದ ಹಣದಲ್ಲಿ ಇನ್ನೊಬ್ಬರು ಓದಲಿ ಅಂತ. ನಮ್ಮ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಆ ನಿಧಿಯ ನೆರವಿನಿಂದಲೇ ಲಂಡನ್ನಿಗೆ ಹೋಗಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ್ದು. ಅಷ್ಟು ಹೊತ್ತಿಗೆ ಟಾಟಾ ತೀರಿಕೊಂಡು ನಾಲ್ಕು ದಶಕ ಆಗಿತ್ತು.

ನಾನು: ಬೀಜ ಖಾಲಿಯಾಗದ ಕಣಜ ಅನ್ನಿ.

ದೊಡ್ಡಪ್ಪ: ಹೌದು. ಎರಡನೇ ವಿಷಯ ಕೇಳು. ಕೊಡೋದಕ್ಕೆ ಮುಂಚೆ ಅವರು ಬಲ್ಲವರನ್ನು ಕೇಳಿದರು. ಬುರ್ಜೋರ್ಜಿ ಪಾದ್‌ಶಾ ಅಂತ ಒಬ್ಬರನ್ನು ಯುರೋಪು, ಅಮೆರಿಕ ಸುತ್ತಿ ಬರೋಕೆ ಕಳಿಸಿದರು. ಹದಿನೆಂಟು ತಿಂಗಳು ಅವರು ಅಲ್ಲಿಯ ವಿಶ್ವವಿದ್ಯಾಲಯಗಳು ನಡೆಯುವ ರೀತಿ ನೋಡಿ ಬಂದರು. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಅವರಿಗೆ ಬಹಳ ಹಿಡಿಸಿತು. ಅಲ್ಲಿ ಪಾಠ ಒಪ್ಪಿಸೋದಕ್ಕಿಂತ ಸಂಶೋಧನೆಗೆ ಹೆಚ್ಚು ಬೆಲೆ. ಟಾಟಾ ಸ್ವಾಮಿ ವಿವೇಕಾನಂದರಿಗೂ 1898ರ ನವೆಂಬರಿನಲ್ಲಿ ಪತ್ರ ಬರೆದರು. ಅದಕ್ಕೆ ಐದು ವರ್ಷ ಮುಂಚೆ ಜಪಾನಿನಿಂದ ವ್ಯಾಂಕೂವರಿಗೆ ಇಬ್ಬರೂ ಒಂದೇ ಹಡಗಿನಲ್ಲಿ ಹೋಗಿದ್ದರು.

ನಾನು: ಜಾಗ ಬೆಂಗಳೂರೇ ಅಂತ ಆದದ್ದು ಹೇಗೆ? ಕೊಟ್ಟವರು ಮುಂಬಯಿಯವರು.

ದೊಡ್ಡಪ್ಪ: ಅದನ್ನು ಹೇಳಿದವರು ವಿಲಿಯಂ ರ್‍ಯಾಮ್ಸೆ, ಲಂಡನ್ನಿನ ರಸಾಯನಶಾಸ್ತ್ರಜ್ಞರು. ಆರ್ಗಾನ್, ನಿಯಾನ್ ಇವನ್ನೆಲ್ಲ ಕಂಡುಹಿಡಿದವರು. ಮುಂದೆ 1904ರಲ್ಲಿ ನೊಬೆಲ್ ಬಂತು. ಅವರು ಇಲ್ಲಿಗೆ ಬಂದು ಊರೂರು ಸುತ್ತಿ ನೋಡಿ ಬೆಂಗಳೂರು ತಕ್ಕ ಜಾಗ ಅಂದರು. ಅವರ ಬಗ್ಗೆ ನನಗೆ ಇನ್ನೊಂದು ಅಭಿಮಾನ ಇದೆ. ರ್‍ಯಾಮ್ಸೆ ತಮ್ಮ ಉಪಕರಣಕ್ಕೆ ತಾವೇ ಗಾಜು ಊದುತ್ತಿದ್ದರು. ಆ ಕೆಲಸದಲ್ಲಿ ಅವರ ಕೈ ಹೆಸರುವಾಸಿ. ಸಂಸ್ಥೆಯ ಮೊದಲನೇ ನಿರ್ದೇಶಕರಾಗಿ ಬಂದ ಮಾರಿಸ್ ಟ್ರ್ಯಾವರ್ಸ್, ಇದೇ ರ್‍ಯಾಮ್ಸೆ ಜೊತೆ ನಿಯಾನ್ ಕಂಡುಹಿಡಿದವರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಹಿರಿಯ ಮೇಸ್ತ್ರಿ ಈ ಕಥೆ ಹೇಳಿ, ‘ಉರಿಯ ಮುಂದೆ ಕೂತ ಕೈಯನ್ನು ಕೀಳು ಅಂದುಕೋಬೇಡ’ ಅಂದರು. ಅವತ್ತಿನಿಂದ ನಾನು ತಲೆಯೆತ್ತಿ ಕೆಲಸ ಮಾಡಿದೆ.

ನಾನು: ಅದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಕೈಗೆ ಮಸಿ ಹತ್ತುವ ಕೆಲಸ ಓದು ಬಾರದವರಿಗೆ ಅಂದುಕೊಂಡಿವೆ ಅವು.

ದೊಡ್ಡಪ್ಪ: ಹೇಳು. ಮೂರನೇದು, ಒಬ್ಬರ ದುಡ್ಡಿನಿಂದ ಆ ಸಂಸ್ಥೆ ಆಗಲಿಲ್ಲ. ಮೈಸೂರು ಸಂಸ್ಥಾನ 371 ಎಕರೆ ನೆಲವನ್ನು ಸುಮ್ಮನೆ ಕೊಟ್ಟಿತು. ಅದರ ಮೇಲೆ ವರ್ಷ ವರ್ಷ ಐವತ್ತು ಸಾವಿರ ರೂಪಾಯಿ. ಮಾತು ಶುರುವಾದಾಗ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಚಿಕ್ಕವರು. ರಾಜ್ಯ ನೋಡಿಕೊಳ್ಳುತ್ತಿದ್ದವರು ಅವರ ತಾಯಿ ವಾಣಿವಿಲಾಸ ಸನ್ನಿಧಾನ, ದಿವಾನರು ಶೇಷಾದ್ರಿ ಅಯ್ಯರ್.

ನಾನು: ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರಕ್ಕೆ ಅವರದೇ ಹೆಸರು!

ದೊಡ್ಡಪ್ಪ: ಅದರ ಕೆಲಸ ಶುರುವಾದದ್ದೂ 1898ರಲ್ಲೇ. ಅತ್ತ ಮಾರಿಕಣಿವೆಯಲ್ಲಿ ನೀರಿಗೆ ಕಟ್ಟೆ, ಇತ್ತ ವಿದ್ಯೆಗೆ ನೆಲ. ಎರಡರ ಫಲವೂ ತಾವು ಉಣ್ಣುವುದಲ್ಲ ಅಂತ ಗೊತ್ತಿದ್ದೂ ಮಾಡಿದರು. ಆಗ ಶಿವನಸಮುದ್ರದಲ್ಲಿ ವಿದ್ಯುತ್ತಿನ ಕೆಲಸವೂ ನಡೆದಿತ್ತು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಮುಂದೆ ಸಂಸ್ಥೆಯಲ್ಲಿ ಮೊದಮೊದಲು ಶುರುವಾದ ವಿಭಾಗಗಳಲ್ಲಿ ರಸಾಯನಶಾಸ್ತ್ರದ ಜೊತೆ ವಿದ್ಯುತ್ ತಂತ್ರಜ್ಞಾನವೂ ಇತ್ತು.

ನಾನು: ಟಾಟಾ ಇದನ್ನೆಲ್ಲ ನೋಡಿದರಾ?

ದೊಡ್ಡಪ್ಪ: ಎಲ್ಲಿ ನೋಡಿದರಮ್ಮ! ಸಮಿತಿ ಆಯಿತು, ಅದರ ಮೇಲೆ ಇನ್ನೊಂದು ಸಮಿತಿ ಆಯಿತು, ಸರ್ಕಾರ ಎಷ್ಟು ಕೊಡಬೇಕು ಅಂತ ಕಾಗದ ಓಡಾಡಿದವು. 1901ರಲ್ಲಿ ಶೇಷಾದ್ರಿ ಅಯ್ಯರ್ ಹೋದರು. 1904ರ ಮೇ 19ರಂದು ಟಾಟಾ ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ತೀರಿಕೊಂಡರು. ಆವತ್ತಿಗೆ ಬೆಂಗಳೂರಿನಲ್ಲಿ ಒಂದು ಇಟ್ಟಿಗೆಯೂ ಇಟ್ಟಿರಲಿಲ್ಲ.

ನಾನು: ಆಸ್ತಿ ಇನ್ನೂ ಅವರ ಹೆಸರಿನಲ್ಲೇ ಇತ್ತಾ?

ದೊಡ್ಡಪ್ಪ: ಸಂಸ್ಥೆ ಅಂತ ಒಂದು ಹುಟ್ಟಿಯೇ ಇರಲಿಲ್ಲವಲ್ಲ, ಬರೆದುಕೊಡುವುದು ಯಾರಿಗೆ? ಇಲ್ಲಿ ಮಕ್ಕಳ ದೊಡ್ಡತನ ನೋಡು. ದೊರಾಬ್‌ಜಿ, ರತನ್‌ಜಿ ಇಬ್ಬರೂ ಅಪ್ಪ ಆಡಿದ ಮಾತನ್ನು ಉಳಿಸಿದರು. ಅಷ್ಟು ಆಸ್ತಿ, ಅದೂ ಮುಂಬಯಿಯಂಥ ಊರಲ್ಲಿ. ಎರಡು ಗುಂಟೆ ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗೋದನ್ನು ನಾವು ನೋಡಿದ್ದೇವೆ. 1909ರ ಮೇ 27ರಂದು ಸರ್ಕಾರದ ಆದೇಶ ಆಯಿತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಮುಖ್ಯ ಕಟ್ಟಡಕ್ಕೆ ಅದೇ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಮಾತು ಕೊಟ್ಟದ್ದರಿಂದ ಮೊದಲ ತರಗತಿಯವರೆಗೆ ಹದಿಮೂರು ವರ್ಷ.

ನಾನು: ಹೆಸರೂ ಅವರದ್ದಲ್ಲ. ಭಾರತೀಯ ವಿಜ್ಞಾನ ಸಂಸ್ಥೆ.

ದೊಡ್ಡಪ್ಪ: ತಮ್ಮ ಹೆಸರು ಇಡೋದು ಬೇಡ ಅಂದಿದ್ದರು ಅವರೇ. ತಮ್ಮ ಹೆಸರಿದ್ದರೆ ಬೇರೆಯವರು ಇದು ಟಾಟಾ ಮನೆಯದ್ದು, ನಮಗೇನು ಅಂದುಕೊಂಡಾರು. ಎಲ್ಲರದ್ದೂ ಆಗಬೇಕಾದರೆ ಎಲ್ಲರೂ ಕೊಡಬೇಕು. ಆದರೆ ಇವತ್ತೂ ಯಶವಂತಪುರದ ಬಸ್ಸು ಹತ್ತಿ ಭಾರತೀಯ ವಿಜ್ಞಾನ ಸಂಸ್ಥೆ ಅನ್ನು, ಕಂಡಕ್ಟರ್ ಒಂದು ಕ್ಷಣ ಯೋಚಿಸ್ತಾನೆ. ಟಾಟಾ ಇನ್‌ಸ್ಟಿಟ್ಯೂಟ್ ಅನ್ನು, ಟಿಕೆಟ್ ಹರಿದು ಕೊಡ್ತಾನೆ. ಅವರು ಬೇಡ ಅಂದ ಹೆಸರನ್ನು ಊರ ಜನ ಇಟ್ಟರು. ನಿಮ್ಮ ದಾನಿಗೆ ಇದನ್ನು ಹೇಳು. ತಂದೆಯ ಹೆಸರು ಉಳಿಯಬೇಕು ಅನ್ನೋದು ಒಳ್ಳೆಯ ಆಸೆಯೇ. ಆದರೆ ಗ್ರಾನೈಟಿನ ಮೇಲೆ ಕೆತ್ತಿದ ಹೆಸರಿಗಿಂತ ಮಕ್ಕಳ ಬಾಯಲ್ಲಿ ನಿಂತ ಹೆಸರು ಗಟ್ಟಿ.

ನಾನು: ಕೊಟ್ಟವರ ಮನಸ್ಸು ದೊಡ್ಡದಾದರೂ ಬಾಗಿಲು ಎಲ್ಲರಿಗೂ ತೆರೆಯುತ್ತೆ ಅನ್ನೋ ಹಾಗಿಲ್ಲ ದೊಡ್ಡಪ್ಪ. 1933ರಲ್ಲಿ ಕಮಲಾ ಸೊಹೋನಿ ಅಲ್ಲಿ ಸಂಶೋಧನೆಗೆ ಅರ್ಜಿ ಹಾಕಿದಾಗ ಹೆಣ್ಣು ಅನ್ನೋ ಕಾರಣಕ್ಕೆ ಆಗಿನ ನಿರ್ದೇಶಕ ಸಿ.ವಿ. ರಾಮನ್ ಅವರು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಟಾಟಾ ನಿಧಿಯಿಂದ ನಲವತ್ತು ವರ್ಷ ಮುಂಚೆಯೇ ಹೆಣ್ಣುಮಕ್ಕಳು ಓದಿದ್ದರು ಅಂತ ನೀವು ಈಗ ತಾನೇ ಹೇಳಿದಿರಿ.

ದೊಡ್ಡಪ್ಪ: ಸರಿಯಾಗಿ ಹೇಳಿದೆ. ಆಕೆ ಬಾಗಿಲಲ್ಲೇ ನಿಂತು ಹಠ ಹಿಡಿದರು. ಒಂದು ವರ್ಷ ಪರೀಕ್ಷಾರ್ಥ ಅಂತ ಸೇರಿಸಿಕೊಂಡರು. ಆಕೆಯ ಕೆಲಸ ನೋಡಿ ರಾಮನ್ನರ ಮನಸ್ಸು ತಿರುಗಿತು, ಮುಂದೆ ಬೇರೆ ಹೆಣ್ಣುಮಕ್ಕಳಿಗೂ ದಾರಿಯಾಯಿತು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಪಿಎಚ್‌ಡಿ ತಂದರು. ಹಣ ಕೊಟ್ಟವರು ಬಾಗಿಲು ಇಟ್ಟಾರು. ತೆರೆದಿರುವ ಹಾಗೆ ನೋಡಿಕೊಳ್ಳುವ ಕೆಲಸ ಒಳಗಿರುವವರದ್ದು. ನಿನ್ನ ಬೀರುವಿನ ಬೀಗವೂ ಅಷ್ಟೇ.

ನಾನು: ಆ ಬೀಗ ನಾನು ತೆಗೆದದ್ದು ಹೇಗೆ ಗೊತ್ತಾ? ನಮ್ಮ ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ನಿಮ್ಮ ಸಂಸ್ಥೆಯ ಇನ್ನೊಂದು ಕ್ಯಾಂಪಸ್ ಇದೆಯಲ್ಲ, ಅಲ್ಲಿ ಶಾಲಾ ಕಾಲೇಜು ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡ್ತಾರೆ. ನಾನೂ ಹೋಗಿದ್ದೆ. ಕಾಲೇಜು ಬಿಟ್ಟ ಮೇಲೆ ಮೊದಲ ಸಲ ನನ್ನ ಕೈಯಾರೆ ಟೈಟ್ರೇಷನ್ ಮಾಡಿದ್ದು ಅಲ್ಲಿ. ಬಣ್ಣ ತಿರುಗುವ ಆ ಒಂದು ಹನಿಗಾಗಿ ಉಸಿರು ಹಿಡಿದು ಕಾದೆ. ಇದನ್ನು ನೋಡದೆ ಹದಿನಾಲ್ಕು ವರ್ಷದ ಮಕ್ಕಳು ಆಮ್ಲ, ಪ್ರತ್ಯಾಮ್ಲ ಅಂತ ಬಾಯಿಪಾಠ ಮಾಡ್ತಿವೆಯಲ್ಲ ಅಂತ ಕಣ್ಣು ತುಂಬಿತು. ವಾಪಸ್ ಹೋದವಳೇ ಬೀಗ ತೆಗೆದೆ.

ದೊಡ್ಡಪ್ಪ: ಬುಡಕ್ಕೆ ನೀರಿಲ್ಲ ಅಂದೆಯಲ್ಲ. ತುದಿಗೆ ಹೊಯ್ದ ನೀರು ನೂರು ವರ್ಷಕ್ಕೆ ನಿನ್ನ ಶಾಲೆಯ ಬುಡಕ್ಕೆ ಇಳಿದಿದೆ ನೋಡು.

ನಾನು: ಇಳಿದಿದೆ. ಆದರೆ ನೂರು ವರ್ಷ ಹಿಡಿಯಿತು. ಒಂದು ಶಾಲೆಗೆ ಮುಟ್ಟಿದರೆ ಪಕ್ಕದ ಶಾಲೆ ಇನ್ನೂ ಕಾಯುತ್ತಿದೆ. ಆದ್ದರಿಂದಲೇ ಈ ಹತ್ತು ಲಕ್ಷ ನನಗೆ ದೊಡ್ಡದು. ಬೀಗ ತೆಗೆದ ವರ್ಷವೇ ಏಳು ಟೆಸ್ಟ್ ಟ್ಯೂಬು, ಎರಡು ಬೀಕರು ಹೋದವು. ನಾನೇ ದುಡ್ಡು ಹಾಕಿ ತಂದಿಟ್ಟೆ.

ದೊಡ್ಡಪ್ಪ: ಒಡೆದ ಮಗುವಿಗೆ ಏನಂದೆ?

ನಾನು: ಮೊದಲು ಚೂರು ಮುಟ್ಟಬೇಡ ಅಂದೆ. ಆಮೇಲೆ ಬಿಸಿ ಗಾಜಿಗೆ ತಣ್ಣೀರು ಬಿದ್ದಾಗ ಯಾಕೆ ಒಡೆಯಿತು ಅಂತ ಕೇಳಿದೆ. ಒಳಗೂ ಹೊರಗೂ ಒಂದೇ ಸಮ ಕುಗ್ಗಲಿಲ್ಲ, ಅದಕ್ಕೆ ಅಂತ ಅವಳೇ ಹೇಳಿದಳು. ಪುಸ್ತಕದಲ್ಲಿ ಎರಡು ಪುಟ ಓದಿದರೂ ಬಾರದ ಉತ್ತರ ಅದು.

ದೊಡ್ಡಪ್ಪ: ಹಾಗಾದರೆ ಕಾಗದ ತೆಗೆ, ಬರೆದುಕೋ. ಹತ್ತು ಲಕ್ಷವನ್ನು ಖರ್ಚು ಮಾಡಬೇಡಿ ಅಂತ ಬರೆ. ಶಾಲೆಯ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಲಿ. ನೂರಕ್ಕೆ ಆರರಂತೆ ಬಡ್ಡಿ ಹಿಡಿದರೂ ವರ್ಷಕ್ಕೆ ಅರವತ್ತು ಸಾವಿರ. ಅಸಲನ್ನು ಯಾರೂ ಮುಟ್ಟಬಾರದು.

ನಾನು: ಅರವತ್ತು ಸಾವಿರದಲ್ಲಿ ಗಾಜು, ರಾಸಾಯನಿಕ, ಸ್ಪಿರಿಟ್ ದೀಪ, ಕನ್ನಡಕ, ಕೈಗವಸು ಎಲ್ಲ ಬಂದು ಮಿಗುತ್ತೆ. ವಾರಕ್ಕೆ ಎರಡು ದಿನ ಲ್ಯಾಬಿನಲ್ಲಿ ನೆರವಾಗೋಕೆ ಊರಲ್ಲೇ ಬಿ.ಎಸ್ಸಿ. ಓದಿದ ಒಬ್ಬಳನ್ನು ಕರೆಯಬಹುದು.

ದೊಡ್ಡಪ್ಪ: ಎರಡನೇದು, ಒಡೆದದ್ದಕ್ಕೆ ಬೇರೆಯೇ ಒಂದು ಪುಸ್ತಕ ಇಡು. ವರ್ಷಕ್ಕೆ ಇಷ್ಟು ರೂಪಾಯಿಯ ಗಾಜು ಒಡೆಯಬಹುದು ಅಂತ ಮೊದಲೇ ಬರೆದಿರಲಿ. ಅಷ್ಟರೊಳಗೆ ಒಡೆದರೆ ಯಾರನ್ನೂ ಕೇಳುವ ಹಾಗಿಲ್ಲ. ನಮ್ಮಲ್ಲಿ ಹಾಗೇ ಇತ್ತು. ಒಡೆದ ಉಪಕರಣ ನನ್ನ ಮೇಜಿಗೆ ಬರುತ್ತಿತ್ತು, ನಾನು ಬೆಸೆದು ಕೊಡುತ್ತಿದ್ದೆ. ಯಾರೂ ಯಾರನ್ನೂ ಗದರಲಿಲ್ಲ.

ನಾನು: ಮೂರನೇದು ನಾನು ಹೇಳ್ತೀನಿ. ಮಕ್ಕಳು ತಮ್ಮ ಊರಿನ ಪ್ರಶ್ನೆಯನ್ನೇ ಪ್ರಯೋಗಕ್ಕೆ ತರಬೇಕು. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದಾದ ಮಕ್ಕಳು ನನ್ನ ತರಗತಿಯಲ್ಲೇ ಇದ್ದಾರೆ. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅಂತ ಪುಸ್ತಕದಿಂದ ಹೇಳೋದು ಬೇರೆ, ತಮ್ಮ ಬೀದಿಯ ನೀರನ್ನು ಕಿಟ್‌ನಲ್ಲಿ ತಾವೇ ಅಳೆದು ಪಂಚಾಯಿತಿ ಮುಂದೆ ಇಡೋದು ಬೇರೆ.

ದೊಡ್ಡಪ್ಪ: ಅದನ್ನೇ ಮೇಲೆ ಬರೆ. ನಾಲ್ಕನೇದು, ಕೊಡುವವರು ವರ್ಷಕ್ಕೊಂದು ದಿನ ಬಂದು ಮಕ್ಕಳ ಜೊತೆ ಲ್ಯಾಬಿನಲ್ಲಿ ಕೂರಲಿ. ಹಾರ, ಶಾಲು ಬೇಡ. ಊರವರೂ ಏನಾದರೂ ಕೊಡಲಿ. ಒಬ್ಬರು ಮೇಜು, ಒಬ್ಬರು ನೀರಿನ ಪೈಪು. ಟಾಟಾ ಜೊತೆ ಮೈಸೂರು ನಿಂತ ಹಾಗೆ ನಿಮ್ಮ ದಾನಿಯ ಜೊತೆ ಊರು ನಿಲ್ಲಲಿ.

ಅಂದು ಸಂಜೆ ಬಸ್ಸಿನಲ್ಲೇ ಕಾಗದ ಬರೆದು ಮುಗಿಸಿದೆ. ಸೋಮವಾರ ಹೆಡ್‌ಮಾಸ್ಟರು ಓದಿ ಸಹಿ ಹಾಕಿದರು, ಅಂದೇ ಕಳುಹಿಸಿದೆವು. ಊರು ಬಿಟ್ಟು ಹೋಗಿ ದುಡಿದು ಬೆಳೆದವರು, ಓದಿದ ಶಾಲೆಯ ಋಣ ತೀರಿಸಬೇಕೆನ್ನುವವರು ನಮ್ಮ ನಾಡಿನಲ್ಲಿ ಬಹಳ ಮಂದಿ ಇದ್ದಾರೆ. ಅವರೆಲ್ಲರಲ್ಲಿ ಒಬ್ಬ ವಿಜ್ಞಾನ ಶಿಕ್ಷಕಿಯ ವಿನಂತಿ ಇಷ್ಟೇ: ವಿಜ್ಞಾನಕ್ಕೆ ಕೊಡುವುದಾದರೆ ಪ್ರತಿವರ್ಷ ಹುಟ್ಟುವ ಹಾಗೆ ಕೊಡಿ, ಕಲಿಸುವವರನ್ನು ಕೇಳಿ ಕೊಡಿ. ಮಕ್ಕಳ ಕೈಯಲ್ಲಿ ಒಡೆಯುವ ಗಾಜಿಗೂ ಸೇರಿಸಿ ಕೊಡಿ.